ಮಲ್ನಾಡಲ್ಲಿ ಕುದುರೆ ಪಳಗಿಸೋ ಕೆಲಸ: ನನ್ನ ಅನುಭವ

ಕುದುರೆ ಟ್ರೈನರ್ ಅಂದ ತಕ್ಷಣ ಶಿವಮೊಗ್ಗದಲ್ಲಿ ಜನ ಕೇಳೋದು ಎರಡೇ ಪ್ರಶ್ನೆ, ರೇಸಿಗಾ ಇಲ್ಲಾ ಮದುವೆ ಸಾರೋಟಿಗಾ ಅಂತ. ಎರಡೂ ಹೌದು, ಆದ್ರೆ ಅಷ್ಟೇ ಅಲ್ಲ. ತೀರ್ಥಹಳ್ಳಿ ಕಡೆ ಇರೋ ನಮ್ಮ ಲಾಯದಲ್ಲಿ ಈಗ ರೇಸ್ ಬಿಟ್ಟು ಬಂದಿರೋ ಒಂದು ಥರೋಬ್ರೆಡ್ (ರೇಸಿನ ತಳಿ) ಇದೆ, ಇನ್ನೂ ಜೀನು ಕಾಣದ, ರಾಜಸ್ಥಾನದ ಮಾರ್ವಾಡಿ ತಳಿಯ ಮರಿ ಇದೆ, ಮೆರವಣಿಗೆಗೆ ರೆಡಿ ಆಗ್ಬೇಕಾದ ಬಿಳಿ ಕುದುರೆ ಇದೆ, ಹೋಂಸ್ಟೇನವರು ಮಕ್ಕಳನ್ನ ಕೂರಿಸೋಕೆ ಅಂತ ತಂದುಬಿಟ್ಟಿರೋ ಹೆಣ್ಣು ಕುದುರೆ ಇದೆ. ಪ್ರತಿಯೊಂದಕ್ಕೂ ಪಾಠ ಬೇರೆ. ಈ ಕುದುರೆ ಮುಂದೆ ಎಲ್ಲಿ ಇರುತ್ತೆ, ಯಾರು ಹತ್ತುತಾರೆ, ಸುತ್ತ ಎಂಥ ಗಲಾಟೆ ಇರುತ್ತೆ ಅಂತ ಮಾಲೀಕರ ಹತ್ರ ಕೇಳಿ ತಿಳ್ಕೊಳ್ಳದೆ ನಾನು ಹಗ್ಗ ಮುಟ್ಟಲ್ಲ.

ನಾನು ಕೆಲಸ ಕಲ್ತಿದ್ದು ಬೆಂಗಳೂರಲ್ಲಿ, ರೇಸ್ ಕುದುರೆ ಲಾಯದಲ್ಲಿ ಮೊದಲು ಸೈಸ್, ಅಂದ್ರೆ ಕುದುರೆ ನೋಡ್ಕೊಳ್ಳೋನು, ಆಮೇಲೆ ರೈಡಿಂಗ್ ಬಾಯ್. ಕತ್ತಲಿರುವಾಗ್ಲೇ ಎದ್ದು ಲದ್ದಿ ತೆಗೆದು, ನಾಲ್ಕು ಕಾಲಿಗೂ ಕೈ ಆಡಿಸಿ ಎಲ್ಲಾದ್ರೂ ಬಿಸಿ ಇದ್ಯಾ ಊತ ಇದ್ಯಾ ಅಂತ ನೋಡಿ, ಬೆಳಕು ಹರಿಯೋ ಹೊತ್ತಿಗೆ ಟ್ರ್ಯಾಕಲ್ಲಿ ಇರ್ಬೇಕು. ಲೈಸೆನ್ಸ್ ಇರೋ ರೇಸ್ ಟ್ರೈನರ್ ಕೆಲಸ ಬಹಳಷ್ಟು ನೋಡೋದೇ, ಯಾವ್ದು ಇವತ್ತು ಓಡ್ಬೇಕು ಯಾವ್ದು ಬರೀ ನಡೀಬೇಕು, ಯಾವ್ದು ರಾತ್ರಿ ಮೇವು ಉಳಿಸಿದೆ ಅಂತ. ಆ ಕಣ್ಣು ಅಲ್ಲೇ ಬಂದಿದ್ದು ನಂಗೆ. ಆಮೇಲೆ ಒಂದು ರೈಡಿಂಗ್ ಸ್ಕೂಲಲ್ಲಿ ಕಲಿಸೋಕೆ ಸೇರ್ದೆ, ಅಲ್ಲಿ ಜಂಪಿಂಗು, ಸವಾರನ ಸಣ್ಣ ಸನ್ನೆಗೆ ಕುದುರೆ ಲಯವಾಗಿ ಹೆಜ್ಜೆ ಹಾಕೋ ಡ್ರೆಸ್ಸಾಜು, ಬೇರೆಯದೇ ಲೋಕ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ ಡ್ರೆಸ್ಸಾಜು, ಬಯಲ ಓಟ, ಜಂಪಿಂಗು ಮೂರೂ ಸೇರಿರೋ ಇವೆಂಟಿಂಗ್‌ಗೆ ಎರಡು ಬೆಳ್ಳಿ ತಂದ್ರಲ್ಲ, ಆಮೇಲೆ ಟೋಕಿಯೋ ಒಲಿಂಪಿಕ್ಸ್‌ಗೂ ಹೋದ್ರು, 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಡ್ರೆಸ್ಸಾಜ್ ಟೀಮಿಗೆ ಚಿನ್ನನೇ ಬಂತು. ಅದಾದ್ಮೇಲೆ ಸಾಗರ, ಹೊಸನಗರ ಕಡೆ ಹುಡುಗ್ರೂ ಫೋನ್ ಮಾಡಿ ವಿಚಾರಿಸ್ತಾರೆ, ತುಂಬಾ ಖುಷಿ ಆಗುತ್ತೆ.

ಈಗ ನಂಗೆ ಅತಿ ಇಷ್ಟವಾದ ಕೆಲಸ ಅಂದ್ರೆ ರೇಸ್ ಬಿಟ್ಟ ಕುದುರೆಗೆ ಸವಾರಿ ಕಲಿಸೋದು. ರೇಸಿಗೆ ಎರಡನೇ ವಯಸ್ಸಿಗೇ ಇಳಿಸ್ತಾರೆ, ನಾಲ್ಕೈದು ವರ್ಷಕ್ಕೆ ಸುಮಾರು ಕುದುರೆಗಳ ಓಟ ಮುಗಿದಿರುತ್ತೆ, ಆದ್ರೆ ಕುದುರೆ ಬದುಕೋದು ಇಪ್ಪತ್ತೈದು ವರ್ಷ. ಇವಕ್ಕೆ ಬುದ್ಧಿ ಇಲ್ಲ, ಹುಚ್ಚು ಅಂತಾರೆ ಜನ, ಶುದ್ಧ ಸುಳ್ಳು. ಕಲಿಸಿದ್ದನ್ನ ಸರಿಯಾಗಿ ಮಾಡ್ತಿರುತ್ತೆ ಪಾಪ. ಟ್ರ್ಯಾಕಲ್ಲಿ ಅದು ನಡೀತಿರುವಾಗ್ಲೇ ಸವಾರನ್ನ ಎತ್ತಿ ಮೇಲೆ ಹಾಕ್ತಾರೆ, ಹಾಗಾಗಿ ಹತ್ತುವಾಗ ನಿಲ್ಲೋದು ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ. ಜಾಕಿ ಮೊಣಕಾಲು ಮಡಿಸಿ ರಿಕಾಪು (ಸವಾರ ಕಾಲಿಡೋ ಬಳೆ) ಗಿಡ್ಡ ಮಾಡಿ ಕೂತಿರ್ತಾನೆ, ಪಕ್ಕೆಗೆ ಯಾರ ಕಾಲೂ ತಾಗಿರಲ್ಲ, ನಾವು ಕಾಲು ಇಳಿಬಿಟ್ಟು ಕೂತ್ರೆ ಬೆಚ್ಚಿ ಬೀಳುತ್ತೆ. ಎಲ್ಲಕ್ಕಿಂತ ದೊಡ್ಡದು ಲಗಾಮು. ರೇಸಲ್ಲಿ ಲಗಾಮು ಬಿಗಿ ಆದ್ರೆ ಅದರ ಮೇಲೆ ಒರಗಿ ಇನ್ನೂ ಜೋರು ಓಡೋದು ಅದಕ್ಕೆ ಅಭ್ಯಾಸ. ಹೊಸ ಸವಾರ ಹೆದರಿ ಎಳೀತಾನೆ, ಇದು ಓಡು ಅಂದ್ರು ಅಂದ್ಕೊಂಡು ಕಿತ್ಕೊಂಡು ಹೋಗುತ್ತೆ, ಆಮೇಲೆ ಹೆಸರು ಹುಚ್ಚು ಕುದುರೆ.

ನಾನು ಮೊದಲು ಒಂದಷ್ಟು ವಾರ ಏನೂ ಮಾಡಿಸಲ್ಲ, ಬ್ಯಾಣದಲ್ಲಿ, ಅಂದ್ರೆ ಹುಲ್ಲುಗಾವಲಲ್ಲಿ, ಇನ್ನೊಂದು ಶಾಂತ ಕುದುರೆ ಜೊತೆ ಬಿಡ್ತೀನಿ, ಓಟ್ಸ್ ಕಮ್ಮಿ ಮಾಡಿ ಹುಲ್ಲು ಜಾಸ್ತಿ ಮಾಡ್ತೀನಿ. ರೇಸ್ ಕುದುರೆಗಳಿಗೆ ಹೊಟ್ಟೆ ಹುಣ್ಣು ಸಾಮಾನ್ಯ, ಹೊಟ್ಟೆ ಉರೀತಿರೋ ಕುದುರೆಗೆ ಪಾಠ ಹತ್ತಲ್ಲ. ಆಮೇಲೆ ಕಟ್ಟೆ ಪಕ್ಕ ನಿಲ್ಸಿ ರಿಕಾಪಿಗೆ ಕಾಲಿಟ್ಟು ಭಾರ ಹಾಕೋದು, ಇಳಿಯೋದು, ಹತ್ತದೇನೇ. ಅಲ್ಲಾಡಿದ್ರೆ ಬೈಯಲ್ಲ, ಹಿಂದಕ್ಕೆ ಕರ್ಕೊಂಡು ಬಂದು ಮತ್ತೆ ಅದೇ. ನಿಂತಿತಾ, ತಕ್ಷಣ ಕುತ್ತಿಗೆ ಕೆರೆದು ಅವತ್ತಿಗೆ ಸಾಕು ಅಂತ ಬಿಟ್ಬಿಡ್ತೀನಿ. ಲಗಾಮಿಗೂ ಇದೇ: ಬೆರಳಲ್ಲಿ ಚೂರು ಬಿಗಿ ಮಾಡಿ ಕಾಯ್ಬೇಕು, ದವಡೆ ಸಡಿಲ ಆಗಿ ಕಿವಿ ಒಂದು ಹಿಂದಕ್ಕೆ ತಿರುಗುತ್ತಲ್ಲ, ಆ ಕ್ಷಣಕ್ಕೇ ಬೆರಳು ಬಿಡ್ಬೇಕು. ಒಂದೆರಡು ಸೆಕೆಂಡು ತಡ ಆದ್ರೂ ಅದು ಕಲಿಯೋದು ಬೇರೆ ಏನನ್ನೋ. ಕಡಿವಾಣ ಕೂರೋದು ಮುಂದಿನ ಹಲ್ಲು ದವಡೆ ಹಲ್ಲಿನ ಮಧ್ಯೆ ಖಾಲಿ ಇರೋ ಜಾಗದಲ್ಲಿ, ಮೂಳೆ ಮೇಲೆ ತೆಳ್ಳಗೆ ವಸಡು ಅಷ್ಟೇ. ಅಲ್ಲಿ ಜಗ್ಗಿದ್ರೆ ಎಷ್ಟು ನೋವು ಅಂತ ಪ್ರತಿ ಶಿಷ್ಯನಿಗೂ ಕುದುರೆ ಬಾಯಿ ತೆರೆದು ತೋರಿಸ್ತೀನಿ.

ಇದಕ್ಕೇ ಮುಳ್ಳಿನ ಕಡಿವಾಣ ತಗೊಂಡು ಬಂದು ಡ್ಯಾನ್ಸ್ ಕಲಿಸಿ ಅನ್ನೋರನ್ನ ಕಂಡ್ರೆ ಸಿಟ್ಟು ತಡೆಯೋಕಾಗಲ್ಲ. ಭಾರ ಎಳೆಯೋ, ಹೊರೋ ಪ್ರಾಣಿಗಳ ಮೇಲಿನ ಹಿಂಸೆ ತಡೆಯೋ 1965ರ ನಿಯಮದಲ್ಲೇ ಅದು ನಿಷೇಧ. ಎಷ್ಟೇ ದುಡ್ಡು ಕೊಡ್ತೀವಿ ಅಂದ್ರೂ ವಾಪಸ್ ಕಳಿಸ್ತೀನಿ. ಮರಿ ಕುದುರೆ ವಿಷಯದಲ್ಲೂ ಮಾಲೀಕರಿಗೆ ಅವಸರ, ಎರಡು ವರ್ಷಕ್ಕೇ ಕೂರ್ಬೇಕು. ಬೆನ್ನುಮೂಳೆ ಪೂರ್ತಿ ಬಲಿಯೋಕೆ ಐದಾರು ವರ್ಷ ಬೇಕು ಮಾರಾಯ್ರೆ. ಮೂರು ದಾಟೋ ತನಕ ನಾನು ಯಾರನ್ನೂ ಹತ್ತಿಸಲ್ಲ, ಅಲ್ಲಿ ತನಕ ಉದ್ದ ಹಗ್ಗದಲ್ಲಿ ನಡೆಸೋದು, ಜೀನು ಹೊರಿಸಿ ಅಭ್ಯಾಸ ಮಾಡಿಸೋದು, ಕಾಲೆತ್ತಿ ಗೊರಸು ಕೊಡೋದು ಕಲಿಸೋದು. ಇಷ್ಟು ಬಂದ್ರೆ ಮುಂದಿನದು ಸಲೀಸು.

ಮೆರವಣಿಗೆ ಕುದುರೆಗೆ ಬೇಕಾಗಿರೋದು ಸದ್ದಿನ ಪಾಠ. ಪಕ್ಕದೂರಲ್ಲಿ ಡೊಳ್ಳು ತಂಡದವರು ಪ್ರಾಕ್ಟೀಸ್ ಮಾಡ್ತಾರೆ, ಅವರನ್ನೇ ಕೇಳ್ಕೊಂಡು ಗದ್ದೆಯ ಆ ತುದಿಯಲ್ಲಿ ಬಾರಿಸೋಕೆ ಹೇಳಿ ಈ ತುದಿಯಲ್ಲಿ ಕುದುರೆಗೆ ಹುರುಳಿ ತಿನ್ನಿಸ್ತಾ ನಿಲ್ಲೋದು. ಕುದುರೆ ತಿನ್ನೋದು ನಿಲ್ಲಿಸಿ ತಲೆ ಎತ್ತಿದ್ರೆ ನಾವು ಹತ್ರ ಬಂದಿದ್ದು ಜಾಸ್ತಿ ಆಯ್ತು ಅಂತ ಅರ್ಥ, ಮತ್ತೆ ತಿನ್ನೋಕೆ ಶುರು ಮಾಡೋ ತನಕ ಹಿಂದೆ ಸರೀಬೇಕು. ಮೈಸೂರಲ್ಲಿ ದಸರಾಕ್ಕೆ ಮುಂಚೆ ಕುಶಾಲತೋಪು ಹಾರಿಸಿ ಆನೆ ಕುದುರೆ ಎರಡಕ್ಕೂ ತಾಲೀಮು ಕೊಡ್ತಾರೆ, ತತ್ವ ಅದೇ. ನಮ್ಮ ಶಿವಮೊಗ್ಗ ದಸರಾಕ್ಕೆ ಸಕ್ರೆಬೈಲು ಆನೆ ಶಿಬಿರದ ಆನೆ ಬರುತ್ತೆ, ಆನೆ ವಾಸನೆನೇ ಗೊತ್ತಿಲ್ಲದ ಕುದುರೆಗೆ ಅದು ಡೊಳ್ಳಿಗಿಂತ ಕಷ್ಟ. ಹಂಗಾಗಿ ಅಲ್ಲಿಗೆ ಕಳಿಸೋ ಕುದುರೆಯನ್ನ ಮೊದಲೇ ದೂರದಿಂದ ಆನೆ ತೋರಿಸಿ ತಂದಿರ್ಬೇಕು.

ಮಳೆಗಾಲ ಬಂತು ಅಂದ್ರೆ ಟ್ರೈನರ್ ಹೋಗಿ ನರ್ಸ್ ಆಗ್ತೀನಿ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ಬಯಲುಸೀಮೆಗೆ ಹೋಗ್ತಿದ್ವು, ನಮ್ಮ ಶೀತದ ಜಾಗ ಅವುಕ್ಕೆ ದಾರಿ ಅಷ್ಟೇ. ನಾವು ಇಲ್ಲೇ ಸಾಕ್ತೀವಿ ಅಂದ್ಮೇಲೆ ಜೂನಿಂದ ಸೆಪ್ಟೆಂಬರ್ ತನಕ ಗೊರಸು ದಿನಾ ಎರಡು ಸಲ ನೋಡ್ಲೇಬೇಕು. ಅಡಿಭಾಗದಲ್ಲಿ ಮೆತ್ತಗೆ ತ್ರಿಕೋನ ಇರುತ್ತಲ್ಲ, ಅದರ ಸಂದಿಯಲ್ಲಿ ಕಪ್ಪಗೆ ನಾರೋ ರಸ ಕಂಡ್ರೆ ಕೊಳೆ ಶುರು. ಕೆರೆದು ತೊಳೆದು ಒಣಗಿಸಿ, ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡೋಕೆ ಪ್ರತಿ ಮನೆಯಲ್ಲೂ ಮೈಲುತುತ್ತ ಇದ್ದೇ ಇರುತ್ತೆ, ಅದನ್ನೇ ತೆಳ್ಳಗೆ ಕಲಸಿ ಹತ್ತಿಯಲ್ಲಿ ಆ ಸಂದಿಗೆ ಇಡ್ತೀನಿ, ರಕ್ತ ಕಾಣೋ ಗಾಯ ಇದ್ರೆ ಮಾತ್ರ ಇಡಬಾರ್ದು, ನೆಕ್ಕೋಕೂ ಬಿಡಬಾರ್ದು. ಹಾಸೋಕೆ ದರಗು (ಒಣ ಎಲೆ) ಚೆನ್ನಾಗಿ ಒಣಗಿದ್ರೆ ಪರವಾಗಿಲ್ಲ. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ, ಕುದುರೆಗೆ ವಾಂತಿ ಮಾಡೋ ಶಕ್ತಿ ಇಲ್ಲ, ಒಳಗೆ ಹೋದದ್ದು ಹೊಟ್ಟೆನೋವಾಗಿ ಪ್ರಾಣಕ್ಕೇ ಬರುತ್ತೆ. ಕೋಳಿ ಫೀಡ್ ಇರೋ ಕಡೆ ಬಿಡಲೂಬೇಡಿ, ಅದರಲ್ಲಿ ಹಾಕೋ ಮೊನೆನ್ಸಿನ್ ಅನ್ನೋ ಔಷಧಿ ಕುದುರೆಗೆ ವಿಷ. ರಾತ್ರಿ ಬೆವರಿ ಪಕ್ಕೆ ನೋಡ್ಕೊಂಡು ಒದ್ದಾಡ್ತಿದ್ರೆ ನಾಡಿ ಎಣಿಸಿ, ಆರಾಮಲ್ಲಿದ್ರೆ ನಿಮಿಷಕ್ಕೆ 28ರಿಂದ 44 ಇರುತ್ತೆ, 60 ದಾಟಿದ್ರೆ ಕಾಯೋದು ಬೇಡ, ಡಾಕ್ಟ್ರಿಗೆ ಫೋನ್ ಮಾಡಿ. ಶಿವಮೊಗ್ಗದಲ್ಲಿ ವೆಟರ್ನರಿ ಕಾಲೇಜು ಇರೋದು ನಮ್ಮ ಪುಣ್ಯ.

ಮಳೆ ನಿಂತ ಮೇಲೆ ಹೋಂಸ್ಟೇ ಸೀಸನ್, ಗೆಸ್ಟ್‌ಗಳಿಗೆ ಕಾಡೊಳಗೆ ಸವಾರಿ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆ ಆದ ಮಂಗನ ಕಾಯಿಲೆ ಉಣುಗಿನಿಂದ ಹರಡೋದು, ಬೇಸಿಗೆ ಮುಗಿಯೋ ತನಕ ಅದರ ಭಯ. ನಾನು ಕಾಡಿಗೆ ಬಿಡಲ್ಲ, ಗದ್ದೆ ಬಯಲಲ್ಲೇ ಸುತ್ತಿಸ್ತೀನಿ, ಬೇಜಾರಾದ್ರೂ ಸರಿ.

ಈ ಕೆಲಸಕ್ಕೆ ಬರ್ತೀನಿ ಅನ್ನೋ ಹುಡುಗ ಹುಡುಗಿಯರಿಗೆ ನಾನು ಹೇಳೋದು, ಮೊದಲು ಸೈಸ್ ಕೆಲಸ ಮಾಡಿ. ಲಾಳ ಹೊಡೆಯೋರು ಆರೆಂಟು ವಾರಕ್ಕೊಮ್ಮೆ ಬರ್ತಾರೆ, ಪಕ್ಕದಲ್ಲೇ ಕೂತು ಗೊರಸು ಹೆಂಗೆ ಕತ್ತರಿಸ್ತಾರೆ ನೋಡಿ, ಕಾಲು ಹಿಡ್ಕೊಳ್ಳೋಕೆ ನಿಲ್ಲಿ. ಸಂಬಳ ಒಂದೇ ಕಡೆಯಿಂದ ಬರಲ್ಲ, ತಿಂಗಳ ಮೇವು ಟ್ರೈನಿಂಗ್ ಫೀಸು, ಮಕ್ಕಳ ಕ್ಲಾಸು, ಮದುವೆ ಸೀಸನ್ನು, ಕುದುರೆ ಕೊಳ್ಳೋರ ಜೊತೆ ಹೋಗಿ ಪರೀಕ್ಷೆ ಮಾಡಿಕೊಡೋದು, ಎಲ್ಲಾ ಸೇರಿ ವರ್ಷ ದಾಟುತ್ತೆ. ಮಾಲೀಕರಿಗೂ ಒಂದು ಷರತ್ತು ಹಾಕ್ತೀನಿ: ಕುದುರೆ ವಾಪಸ್ ಕರ್ಕೊಂಡು ಹೋಗೋ ಮುಂಚೆ ನೀವೇ ಬಂದು ನನ್ನ ಮುಂದೆ ಹತ್ತಿ ಇಳಿದು ಕಲೀಬೇಕು, ಬರೋಕಾಗಲ್ಲ ಅಂದ್ರೆ ಆ ಕುದುರೆ ನಾನು ಮೊದಲೇ ಒಪ್ಕೊಳ್ಳಲ್ಲ.