'ಮುಟ್ಟಿ…' ಮತ್ತು 'ಲ್ಲ'ದ ನಡುವೆ: ಕನ್ನಡದಲ್ಲಿ ಪತ್ತೇದಾರಿ ಆಟ ಕಟ್ಟಿದ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯೊಂದರಲ್ಲಿ ನಡೆಯುವ ನಗೆಯ ಪತ್ತೇದಾರಿ ವಿಷುಯಲ್ ನಾವೆಲ್ (ಚಿತ್ರ ನೋಡುತ್ತಾ, ಮಾತು ಓದುತ್ತಾ ಸಾಗುವ) ಆಟವನ್ನು ಕನ್ನಡದಲ್ಲೇ ಮಾಡುತ್ತೇನೆಂದಾಗ, ಶಿವಮೊಗ್ಗದ ಗೆಳೆಯರು ಐವತ್ತು ಪ್ರತಿ ಹೋದರೆ ಅದೇ ಹೆಚ್ಚು ಎಂದಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ, 99 ರೂಪಾಯಿ ಬೆಲೆಯ ಆ ಆಟದ ಸುಮಾರು 1,900 ಪ್ರತಿಗಳು ಖರ್ಚಾಗಿದ್ದವು. ಇದನ್ನು ಬರೆಯುವುದರಲ್ಲಿ ಸ್ವಲ್ಪ ಜಂಬವೂ ಇದೆಯೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಜಪಾನಿನ ಕ್ಯಾಪ್‌ಕಾಮ್ 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆಂದು ಹೊರತಂದ, ಸಾಕ್ಷಿಗಳ ಸುಳ್ಳನ್ನು ಪುರಾವೆ ಒಡ್ಡಿ ಬಯಲಿಗೆಳೆಯುವ ವಕೀಲನ ಆಟ (ಇಂಗ್ಲಿಷಿನಲ್ಲಿ 'ಏಸ್ ಅಟಾರ್ನಿ') ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದರ ಇಂಗ್ಲಿಷ್ ರೂಪದ ಧಾಟಿಯಲ್ಲಿ ನಾನು ಬರೆದ ಮೊದಲ ಅಧ್ಯಾಯವನ್ನು ಆಡಿದ ಆರು ಮಂದಿಯಲ್ಲಿ ಒಬ್ಬರೂ ನಗಲಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಹೊಳೆದದ್ದಿಷ್ಟು: ಇಂಗ್ಲಿಷಿನಲ್ಲಿ 'ಇಲ್ಲ' ಎನ್ನುವ ಮಾತು ಕ್ರಿಯಾಪದದ ಮೊದಲೇ ಬಂದು ಗುಟ್ಟು ಬಿಟ್ಟುಕೊಡುತ್ತದೆ, ನಮ್ಮಲ್ಲಿ, ಜಪಾನಿ ಭಾಷೆಯಲ್ಲಿರುವಂತೆಯೇ, ಅದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಆದ್ದರಿಂದ ಆಟದ ಅಡುಗೆ ಭಟ್ಟರು "ಆ ಮೂಟೆಯನ್ನು ನಾನು ಮುಟ್ಟಿ…" ಎಂದು ನಿಲ್ಲಿಸಿ, ಲೋಟದ ಕಷಾಯವನ್ನು ಒಂದು ಗುಟುಕು ಕುಡಿದು, ಆಡುವವನ ಬೆರಳು ಪುರಾವೆಯ ಗುಂಡಿಯ ಮೇಲೆ ತವಕಿಸುತ್ತಿರುವಾಗ "ಲ್ಲ" ಎನ್ನುತ್ತಾರೆ. ಅರ್ಧ ಸೆಕೆಂಡಿಗಿಂತ ತುಸು ಹೆಚ್ಚಿನ ಈ ಬಿಡುವಿಗಾಗಿಯೇ ಇಡೀ ಸಂಭಾಷಣೆಯನ್ನು ಮತ್ತೆ ಬರೆದೆ.

ಇಂಥ ಆಟ ಕಟ್ಟುವ ತಂತ್ರಾಂಶವಾದ ರೆನ್‌ಪೈಯ ಹಳೆಯ ಆವೃತ್ತಿಯಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲದಲ್ಲಿ ನಾನು ಪ್ರತಿ ಮಾತನ್ನೂ ಚಿತ್ರವಾಗಿಸಿ ತುಂಬಿಸಿದೆ; ಕಡತ 700 ಎಂಬಿ ದಾಟಿತು, ಒಂದು ಕಾಗುಣಿತ ತಿದ್ದಲು ಅರ್ಧ ದಿನ ಹಿಡಿಯಿತು. ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಝ್ ಸೇರಿದ ಹೊಸ ಆವೃತ್ತಿ ಬಂದ ಮೇಲೆ ಅದೆಲ್ಲವನ್ನೂ ಎಸೆದೆ. ಆಮೇಲೂ ಅಕ್ಷರಗಳು ಒಂದೊಂದಾಗಿ ಮೂಡುವಾಗ ಒತ್ತು ಒಂದು ಗಳಿಗೆ ತಡವಾಗಿ ಬಂದು, ಭಟ್ಟರಿಗೆ ತೊದಲು ಅಂಟಿಕೊಂಡಂತೆ ಕಾಣುತ್ತಿತ್ತು. ಅದಕ್ಕೆ ಕಂಡುಕೊಂಡ ಉಪಾಯವನ್ನು ಮುಂದಿನ ಆಟ ಹೊರಬರುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಣದ ವಿಷಯಕ್ಕೆ ಬರುತ್ತೇನೆ. ಮೊದಲ ಚಿತ್ರಕಾರರು 15,000 ಮುಂಗಡ ಪಡೆದು ಮೂರು ಮುಖ ಕೊಟ್ಟು ಕಾಣೆಯಾದರು. ಅವರನ್ನು ಹುಡುಕಲು ನನ್ನ ಪತ್ತೇದಾರನಿಂದಲೂ ಆಗಲಿಲ್ಲ. ಎರಡನೆಯವರಿಗೆ ಒಂಬತ್ತು ಪಾತ್ರಗಳಿಗೆ 45,000, ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಶುಲ್ಕ 100 ಡಾಲರ್, ಮಳೆಗಾಲದ ಕರೆಂಟಿಗೆ ಹೆದರಿ ಕೊಂಡ ಯುಪಿಎಸ್, ಎಲ್ಲ ಸೇರಿ 90,000ದ ಆಸುಪಾಸು. ಅಂಗಡಿಯ ಪಾಲು ಕಳೆದು ಕೈಗೆ ಬಂದದ್ದು 1.25 ಲಕ್ಷದ ಸುತ್ತಮುತ್ತ. ಎರಡು ವರ್ಷದ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಲಾಭವೇ.

ಧ್ವನಿ ಮುದ್ರಣದ ಪ್ರಯತ್ನವನ್ನು ಹೆಂಚಿನ ಮೇಲಿನ ಮಳೆ ಕೆಡಿಸಿತು. ಅದರ ಬದಲು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಸದ್ದನ್ನು ಫೋನಿನಲ್ಲಿ ಹಿಡಿದು, ಪುರಾವೆ ಒಡ್ಡಿದಾಗಲೆಲ್ಲ ಕೇಳುವಂತೆ ಮಾಡಿದೆ. ಕಪ್ಪೆಗಳ ಕೂಗಿನಿಂದ ಹಿನ್ನೆಲೆ ಸಂಗೀತ ಕಟ್ಟಲು ವಾರಗಟ್ಟಲೆ ಹೆಣಗಿದ್ದು ಮಾತ್ರ ದಂಡವಾಯಿತು.

ಕಥೆಯ ಗಂಟು ಸರಳ: ಕಳವಿನ ದೂರು ಬಂದ ಮೇಲೆ ತೂಗಿದರೆ 65 ಕೆ.ಜಿ.ಯ 'ರಾಶಿ' ಬಗೆಯ ಅಡಿಕೆಯ ಮೂಟೆ 67 ಆಗಿರುತ್ತದೆ. ತೀರ್ಥಹಳ್ಳಿಯವರು ಹತ್ತೇ ನಿಮಿಷದಲ್ಲಿ ಮುಗುಳ್ನಕ್ಕರು; ಬೆಂಗಳೂರಿನವರು ಮೂಟೆಯೊಳಗೆ ಕಲ್ಲು ಹುಡುಕುತ್ತಾ ಕುಳಿತರು. ಅವರಿಗಾಗಿ ಅಡುಗೆಮನೆಯ ಕಪಾಟಿನಲ್ಲಿ ಮಳೆಗಾಲದ ತೇವಕ್ಕೆ ನೀರೊಡೆದ ಉಪ್ಪಿನ ಭರಣಿಯೊಂದನ್ನು ಇಟ್ಟೆ, ಅಷ್ಟೇ ಸಾಕಾಯಿತು.

ನಗುವುದೇ ಇಲ್ಲವೆಂದು ಪಂಥ ಕಟ್ಟಿದ್ದ ನಮ್ಮ ಚಿಕ್ಕಪ್ಪ ಆಟ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಮಾರಾಯಾ, ಆಷಾಢದಲ್ಲಿ ಮೂಟೆಯನ್ನು ಬರೀ ನೆಲದ ಮೇಲೆ ಇಡುವವರು ಯಾರು?" ಮುಂದಿನ ತಿದ್ದುಪಡಿಯಲ್ಲಿ ಮೂಟೆಯ ಕೆಳಗೆ ಎರಡು ಹಲಗೆ ಬಂದಿವೆ.