ಟಕ್ ಎನ್ನುತ್ತಿದ್ದ ಅಂಬಾಸಿಡರ್

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪಯ್ಯನ ಕಾಲದ ಅಂಬಾಸಿಡರ್ ಇದೆ. ಅದಕ್ಕೆ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಕೂರಿಸಿದ್ದೆವು. ಪುನರ್ವಸು ಮಳೆ ಹಿಡಿದದ್ದೇ ತಡ, ಸ್ಟಾರ್ಟರ್ ಗುಂಡಿ ಒತ್ತಿದರೆ ಬರೀ ‘ಟಕ್’.

ಈ ಎಂಜಿನ್ನಿನ ಸ್ಟಾರ್ಟರ್ ಮೋಟಾರಿನ ಬೆನ್ನ ಮೇಲೇ ಸೊಲೆನಾಯ್ಡ್, ಅಂದರೆ ಮೋಟಾರಿಗೆ ಕರೆಂಟ್ ಜೋಡಿಸುವ ವಿದ್ಯುತ್ ಅಯಸ್ಕಾಂತದ ಸ್ವಿಚ್ ಇರುತ್ತದೆ. ದಪ್ಪ ಕೇಬಲ್ ಬ್ಯಾಟರಿಯಿಂದ ನೇರ ಅದರ ಬೋಲ್ಟಿಗೆ ಬರಬೇಕು, ಗುಂಡಿಯಿಂದ ಸಣ್ಣ ಟರ್ಮಿನಲ್ಲಿಗೆ 12 ವೋಲ್ಟ್ ಸಿಕ್ಕರೆ ಸಾಕು. ಆದರೆ ಸೊಲೆನಾಯ್ಡ್ ಮೊದಲ ಎಳೆತಕ್ಕೇ ಹತ್ತಾರು ಆಂಪಿಯರ್ ಕುಡಿಯುತ್ತದೆ. ನಮ್ಮಲ್ಲಿ ಹಾಕಿದ್ದು ಹಾರ್ನಿನ ಗುಂಡಿ! ಬಿಚ್ಚಿ ನೋಡಿದರೆ ಒಳಗಿನ ತಾಮ್ರ ಸೀದ ದೋಸೆಯಂತೆ ಕಪ್ಪಾಗಿತ್ತು.

ಬ್ಯಾಟರಿಯ ನೆಗೆಟಿವ್ ಕಳಚಿ, ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸುವ ಸ್ವಿಚ್) ಕೂರಿಸಿದೆ. ಕಾಲುಗಳಿಗೆ ನಂಬರ್ ಇರುತ್ತದೆ: 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲ್, 86ಕ್ಕೆ ಗುಂಡಿಯ ತಂತಿ, 85 ಅರ್ಥಿಂಗ್. ಗುಂಡಿಗೆ ಕರೆಂಟನ್ನು ಕೀಲಿ ತಿರುಗಿಸಿದ ಮೇಲೆ ಬರುವ ತಂತಿಯಿಂದಲೇ ಕೊಟ್ಟೆ, ಇಲ್ಲದಿದ್ದರೆ ಮಕ್ಕಳು ಒತ್ತಿದರೂ ಮೋಟಾರ್ ತಿರುಗುತ್ತದೆ.

‘ಟಕ್’ ಹೋಗಿ ಮೋಟಾರ್ ಕಷ್ಟಪಟ್ಟು ತಿರುಗುವ ‘ಉಂ... ಉಂ...’ ಬಂತು. ಆಗ ತಣ್ಣಗಿನ ಎಂಜಿನ್ ಹತ್ತಲೆಂದು ಎಳೆಯುವ ಚೋಕ್ ಗುಬುಟಿಗೆ ಕೈ ಹಾಕಲು ಹೋಗಿ ಕೈ ಸುಟ್ಟುಕೊಂಡೆ. ಗುಟ್ಟು ಅಲ್ಲಿತ್ತು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿದೆ, ಕರೆಂಟ್ ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ವಾಪಸಾಗಲು ಬೇಕಾದ ಅರ್ಥ್ ಪಟ್ಟಿ ಹಾಕುವುದನ್ನೇ ಮರೆತಿದ್ದಾರೆ, ಮೋಟಾರಿನ ಕರೆಂಟೆಲ್ಲ ಪಾಪ ಆ ಚೋಕ್ ಕೇಬಲ್ಲಿನಲ್ಲಿ ವಾಪಸಾಗುತ್ತಿದೆ! ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸ್ಟಾರ್ಟರ್ ತಿರುಗಿಸಿದಾಗ 3 ವೋಲ್ಟ್ ತೋರಿಸಿತು. ಅರ್ಧ ವೋಲ್ಟ್ ದಾಟಬಾರದು.

ಬ್ಲಾಕಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿ ಬಿಗಿದೆ, ಬಣ್ಣ ಕೆರೆದು, ಗ್ರೀಸ್ ಸವರಿ. ಸುಟ್ಟ ಚೋಕ್ ಕೇಬಲ್ಲಿಗೆ ಮಾತ್ರ ಶಿವಮೊಗ್ಗಕ್ಕೆ ಹೋಗಬೇಕಾಯಿತು.