ಅಸ್ತೇಯ: ದಿನನಿತ್ಯ ಪಾಲಿಸುವುದು ಹೇಗೆ?

ಪತಂಜಲಿಯ ಯೋಗಸೂತ್ರ ಹೇಳುವ ಐದು ಯಮಗಳಲ್ಲಿ (ನಡತೆಯ ಕಟ್ಟುಪಾಡುಗಳಲ್ಲಿ) ಮೂರನೆಯದು ಅಸ್ತೇಯ, ಅಂದರೆ ಕದಿಯದಿರುವುದು. ‘ನಾನೇನು ಕಳ್ಳನೇ?’ ಎಂದು ಇದನ್ನು ದಾಟಿ ನೇರವಾಗಿ ಆಸನಕ್ಕೆ ಹೋಗುವವರೇ ಹೆಚ್ಚು. ಆದರೆ ಯೋಗಸೂತ್ರದ ಎರಡನೆಯ ಅಧ್ಯಾಯವಾದ ಸಾಧನಪಾದದ 34ನೆಯ ಸೂತ್ರ ಹಾಗೆ ನುಣುಚಿಕೊಳ್ಳಲು ಬಿಡುವುದಿಲ್ಲ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರಿಗೆ ಸಮ್ಮತಿಸಿದ್ದು ಮೂರೂ ಅದರ ಲೆಕ್ಕದಲ್ಲಿ ದೋಷವೇ.

ಮೊದಲು ಮನೆಯಲ್ಲಿ ಉಳಿದುಬಿಟ್ಟ ಪರರ ವಸ್ತುಗಳನ್ನು ಹುಡುಕಿ. ಓದಲು ತಂದ ಪುಸ್ತಕ, ತೀರಿಸದ ಕೈಗಡ, ಕಚೇರಿಯಿಂದ ಚೀಲ ಸೇರಿದ ಪೆನ್ನು. ಪಟ್ಟಿ ಮಾಡಿ, ಈ ವಾರವೇ ಹಿಂತಿರುಗಿಸಿ.

ಎರಡನೆಯದು ಸಮಯ. ನಾವು ಅತಿ ಹೆಚ್ಚು ಕದಿಯುವುದು ಇದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತು ಜನರ ಸಭೆಗೆ ಒಬ್ಬರು 15 ನಿಮಿಷ ತಡವಾಗಿ ಬಂದರೆ, ಕಾದು ಕುಳಿತ ಒಂಬತ್ತು ಜನರ ಒಟ್ಟು 135 ನಿಮಿಷ ಹೋಯಿತು. ಪುಸ್ತಕವನ್ನಾದರೂ ಹಿಂದಕ್ಕೆ ಕೊಡಬಹುದು, ಇದನ್ನು ಕೊಡಲಾಗದು. ಆದ್ದರಿಂದ ತಲುಪುವ ಸಮಯವನ್ನಲ್ಲ, ಹೊರಡುವ ಸಮಯವನ್ನು ಬರೆದಿಟ್ಟುಕೊಳ್ಳಿ. ತಡವಾಗುವುದು ಗೊತ್ತಾದ ಕೂಡಲೇ ತಿಳಿಸಿ. ಫೋನ್ ಮಾಡಿದರೆ ‘ಈಗ ಬಿಡುವಿದೆಯೇ?’ ಎಂದು ಕೇಳಿಯೇ ಮಾತು ಆರಂಭಿಸಿ. ಕೆಲಸದ ಹೊತ್ತಿನಲ್ಲಿ ಮೊಬೈಲ್ ಹಿಡಿದು ಕೂರುವ ನೌಕರನಿಗೂ, ಸಂಬಳವಿಲ್ಲದೆ ಹೆಚ್ಚು ಹೊತ್ತು ದುಡಿಸುವ ಯಜಮಾನನಿಗೂ ಇಲ್ಲಿ ವ್ಯತ್ಯಾಸವಿಲ್ಲ.

ಇನ್ನು ಶ್ರೇಯಸ್ಸು. ಸಹೋದ್ಯೋಗಿಯ ಆಲೋಚನೆಯನ್ನು ಮೇಲಧಿಕಾರಿಯ ಮುಂದೆ ಹೇಳುವಾಗ ಅವರ ಹೆಸರನ್ನು ಮೊದಲು ಹೇಳಿ. ಬೇರೆಯವರ ಬರಹ, ಚಿತ್ರಗಳನ್ನು ಹಂಚಿಕೊಳ್ಳುವಾಗಲೂ ಅಷ್ಟೇ. ಕದ್ದು ಹರಿಯಬಿಟ್ಟ ಸಿನಿಮಾವನ್ನು ‘ಕದ್ದವನು ನಾನಲ್ಲವಲ್ಲ’ ಎಂದು ನೋಡುವುದು ಸಮ್ಮತಿಯ ಸಾಲಿಗೇ ಸೇರುತ್ತದೆ.

ಕೊನೆಯ ಹಂತ ಕಷ್ಟದ್ದು, ಏಕೆಂದರೆ ಅದು ಕೈಯನ್ನು ಬಿಟ್ಟು ಮನಸ್ಸಿಗೆ ಬರುತ್ತದೆ. ಪರರ ವಸ್ತುವಿನ ಮೇಲಿನ ಆಸೆಯೂ ಇಲ್ಲದಿರುವುದೇ ಅಸ್ತೇಯ ಎಂದು ಯೋಗಸೂತ್ರದ ಪ್ರಾಚೀನ ವ್ಯಾಖ್ಯಾನವಾದ ವ್ಯಾಸಭಾಷ್ಯ ಹೇಳುತ್ತದೆ. ಆಸೆಯನ್ನು ಬಲವಂತವಾಗಿ ಅದುಮಬೇಕಾಗಿಲ್ಲ. ಸಾಧನಪಾದದ 33ನೆಯ ಸೂತ್ರದಲ್ಲಿ ಉಪಾಯವಿದೆ: ಪ್ರತಿಪಕ್ಷ ಭಾವನೆ, ಎಂದರೆ ಕಾಡುವ ಯೋಚನೆಗೆ ಎದುರಾದದ್ದನ್ನು ಮನಸ್ಸಿಗೆ ತಂದುಕೊಳ್ಳುವುದು. ಇನ್ನೊಬ್ಬರಲ್ಲಿರುವುದು ನನಗೂ ಬೇಕು ಎನಿಸಿದಾಗ, ಅದಕ್ಕಾಗಿ ಅವರು ಪಟ್ಟ ಶ್ರಮವನ್ನು ನೆನೆಯಿರಿ. ಬಳಿಕ ಅದು ನಿಜಕ್ಕೂ ಅಗತ್ಯವೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅಗತ್ಯವೆನಿಸಿದರೆ ದುಡಿದು ಪಡೆಯಿರಿ, ಇಲ್ಲವೇ ಬಾಯಿಬಿಟ್ಟು ಕೇಳಿ ಪಡೆಯಿರಿ. ಅದಕ್ಕೆ ಯಾವ ಸೂತ್ರದ ಅಡ್ಡಿಯೂ ಇಲ್ಲ.